ಅಡುಗೆಮನೆ ಪಕ್ಕದ ಗ್ರೀಕರು

ಬಾಲ್ಯ ಬರೆಯಲು ಕುಳಿತವರೆಲ್ಲ ಜಗಲಿಯಿಂದ ಶುರು ಮಾಡುತ್ತಾರೆ. ನಮಗೆ ಜಗಲಿ ಇರಲಿಲ್ಲ. ಲಿಫ್ಟ್ ಇತ್ತು, ಅದೂ ವಾರಕ್ಕೆ ಎರಡು ದಿನ ಕೆಟ್ಟಿರುತ್ತಿತ್ತು. ದುಬೈಯ ಕರಾಮದ ಹಳೆಯ ಕಟ್ಟಡವೊಂದರ ಮೂರನೇ ಮಹಡಿ, ಮುನ್ನೂರ ನಾಲ್ಕನೇ ಫ್ಲಾಟು. ಒಂದು ಹಾಲು, ಎರಡು ಕೋಣೆ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಅಡುಗೆಮನೆ, ಒಗೆದ ಬಟ್ಟೆಗೂ ತುಳಸಿಯ ಕುಂಡಕ್ಕೂ ದಿನಾ ಜಗಳವಾಗುವಷ್ಟು ಚಿಕ್ಕ ಬಾಲ್ಕನಿ. ಇದನ್ನು ನಾನು ನನ್ನ ಮನೆ ಎನ್ನುತ್ತೇನೆ. ‘ಅದು ಬಾಡಿಗೆಯದ್ದಲ್ವಾ, ನಿಮ್ಮ ನಿಜವಾದ ಮನೆ ಎಲ್ಲಿ?’ ಎಂದು ಕೇಳುವವರು ಮದುವೆಮನೆಯಲ್ಲಿ ಸಿಗುತ್ತಾರೆ, ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಸಿಗುತ್ತಾರೆ, ಫೋನಿನಲ್ಲಂತೂ ಸದಾ ಸಿಗುತ್ತಾರೆ. ಅವರಿಗೆಲ್ಲ ನನ್ನದು ಒಂದೇ ಉತ್ತರ: ಅದೇ ನಿಜವಾದದ್ದು. ಆ ಪ್ರಶ್ನೆ ಕೇಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಉರಿ ಹಚ್ಚಿದವರು ನಮ್ಮ ಕಡೆಯವರಲ್ಲ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಆರು ವರ್ಷ ನಮ್ಮ ಜೊತೆ ಇದ್ದ ಗ್ರೀಕ್ ಹೆಂಗಸು, ಎಲೆನಿ ಆಂಟಿ.

ಅಪ್ಪ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಎಲೆನಿ ಆಂಟಿಗೆ ಅದೇ ಹೋಟೆಲಿನ ಚಾದರ, ಟವೆಲು, ಮೇಜುಬಟ್ಟೆಗಳ ಉಸ್ತುವಾರಿ. ಹೋಟೆಲಿನವರು ಹೆಂಗಸರ ವಸತಿ ಮುಚ್ಚಿದಾಗ, ‘ಹದಿನೈದು ದಿನ, ಬೇರೆ ರೂಮು ಸಿಗುವವರೆಗೆ’ ಎಂದು ಅಪ್ಪ ಅವರನ್ನು ಕರೆದುಕೊಂಡು ಬಂದರು. ಐವತ್ತೈದು ದಾಟಿದ ವಿಧವೆ, ಬಾಗಿಲ ಚೌಕಟ್ಟಿಗೆ ತಲೆ ತಾಗುವುದೊಂದೇ ಬಾಕಿ ಎನ್ನುವ ಎತ್ತರ, ಸದಾ ಕಪ್ಪು ಉಡುಪು, ಬಾಗಿಲು ಹಾಕಿದ್ದರೂ ಮೆಟ್ಟಿಲಿಗೆ ಕೇಳುವ ಗಂಟಲು. ಹೋಟೆಲಿನ ಹುಡುಗರಿಂದ ಕಲಿತ ಹಿಂದಿಗೆ ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದರು. ಸಿಟ್ಟು ಬಂದರೆ ಅದಕ್ಕೆ ಅರಬ್ಬಿಯೂ ಸೇರುತ್ತಿತ್ತು. ಅವರ ಮಾತನ್ನೆಲ್ಲ ಇಲ್ಲಿ ಕನ್ನಡಕ್ಕೆ ಹಾಕಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವಾಡುತ್ತಿದ್ದ ತುಳುವನ್ನೂ ಹಾಗೆಯೇ.

ಬಂದ ಸಂಜೆಯೇ ಒಂದು ರಾಮಾಯಣವಾಯಿತು. ಆಂಟಿ ಸೀದಾ ಬಾಲ್ಕನಿಗೆ ಹೋದವರು, ತುಳಸಿಯ ಒಂದು ಕುಡಿ ಚಿವುಟಿ, ಅಂಗೈಯಲ್ಲಿ ಉಜ್ಜಿ, ಮೂಸಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಅಮ್ಮ ಹೌಹಾರಿದಳು.

“ದೀಪ ಹಚ್ಚಿದ ಮೇಲೆ ತುಳಸಿ ಮುಟ್ತಾರಾ ಯಾರಾದ್ರೂ? ಇವರೆ, ನಿಮ್ಮ ಮೇಡಮ್ಮಿಗೆ ಹೇಳಿ ಸ್ವಲ್ಪ.”

ಇದೇ ಜಾತಿಯ ಗಿಡ ತಮ್ಮ ಊರಿನ ಪ್ರತಿ ಮನೆಯ ಬಾಗಿಲಲ್ಲೂ ಇರುತ್ತದೆ, ಇಗರ್ಜಿಯಲ್ಲಿ ಪಾದ್ರಿ ಅದರ ಕುಡಿಯನ್ನು ನೀರಿಗೆ ಅದ್ದಿ ಜನರ ಮೇಲೆ ಚಿಮುಕಿಸುತ್ತಾರೆ, ಶಿಲುಬೆಯ ಹಬ್ಬದ ದಿನ ಆ ಕುಡಿಯನ್ನು ಮನೆಗೆ ತಂದು ಹಿಟ್ಟಿನ ಮೇಲಿಟ್ಟರೆ ರೊಟ್ಟಿಯ ಹಿಟ್ಟು ತಾನಾಗಿ ಉಬ್ಬುತ್ತದೆ ಎಂದು ಆಂಟಿ ವಿವರಿಸಿದರು. ಅಪ್ಪ ತೀರ್ಪು ಕೊಟ್ಟರು.

“ಬಿಡು ಮಾರಾಯ್ತಿ, ಅವರಲ್ಲಿಯೂ ಇದಕ್ಕೆ ನಮಸ್ಕಾರ ಉಂಟಂತೆ.”

“ನಮಸ್ಕಾರ ಮಾಡ್ಲಿ. ಚಿವುಟುದು ಬೇಡ.”

ಹದಿನೈದು ದಿನ ಕಳೆಯಿತು, ಬೇರೆ ರೂಮಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಶುಕ್ರವಾರ ಎಲ್ಲರಿಗೂ ರಜೆ. ಮಧ್ಯಾಹ್ನದ ಊಟವಾದ ಮೇಲೆ ಆಂಟಿ ಮೇಜಿನ ಬುಡದಲ್ಲಿ ಕಾಲು ಚಾಚಿ, ಸೌತೆಕಾಯಿ ಹೆಚ್ಚುತ್ತಾ ತಮ್ಮ ಜನರ ಕತೆ ಹೇಳುತ್ತಿದ್ದರು. ಮೂರು ಸಾವಿರ ವರ್ಷದ ಕತೆ, ಆದರೆ ಒಂದು ಸಲವೂ ‘ಅವರು’ ಎಂದವರಲ್ಲ. ‘ನಾವು’ ಟ್ರಾಯ್ ಊರಿಗೆ ಮುತ್ತಿಗೆ ಹಾಕಿದೆವು. ‘ನಾವು’ ಪರ್ಷಿಯದ ಹಡಗು ಮುಳುಗಿಸಿದೆವು. ‘ಆಗ ನೀವು ಎಷ್ಟನೇ ಕ್ಲಾಸ್ ಆಂಟಿ?’ ಎಂದು ನಾನು ಕೇಳಿದರೆ ಚಾಕು ತೋರಿಸುತ್ತಿದ್ದರು. ಅಪ್ಪನಿಗೆ ಕತೆ ಎಂದರೆ ಪ್ರಾಣ.

“ನಮ್ಮ ಪುರಾಣದಲ್ಲಿ ಯವನರು ಅಂತ ಬರ್ತಾರಲ್ಲ, ಅವರೇ ಇವರು.”

“ಪುರಾಣದವರಾದ್ರೆ ಬಾತ್‌ರೂಮನ್ನು ಇಷ್ಟು ಹೊತ್ತು ಹಿಡ್ಕೊಳ್ಳುದಾ?” ಎಂದಳು ಅಮ್ಮ.

ಆ ಕತೆಗಳಲ್ಲಿ ರಾಜರ ಹೆಸರು ನನಗೆ ನೆನಪಿಲ್ಲ. ಆಂಟಿಗೂ ರಾಜರ ಮೇಲೆ ಅಂಥ ಭಕ್ತಿ ಇರಲಿಲ್ಲ. ನೆನಪಿರುವುದು ಕೆಂಡದ ಮಾತು.

“ನಮ್ಮಲ್ಲಿ ಮಣ್ಣು ಕಮ್ಮಿ, ಕಲ್ಲು ಜಾಸ್ತಿ. ಹೊಟ್ಟೆಗೆ ಸಾಲದೆ ಹಡಗು ಹತ್ತಿದೆವು. ಹೊರಡುವಾಗ ಊರ ನಡುವಿನ ಒಲೆಯಿಂದ ಕೆಂಡ ತಗೊಂಡು ಹೋಗುತ್ತಿದ್ದೆವು. ಯಾವುದೋ ಕಂಡರಿಯದ ದಡದಲ್ಲಿ ಇಳಿದು ಆ ಕೆಂಡದಿಂದ ಒಲೆ ಹಚ್ಚಿದೆವೋ, ಖಲಾಸ್, ಅದು ನಮ್ಮ ಊರು.”

“ಇಲ್ಲಿ ಗ್ಯಾಸ್ ಸಿಲಿಂಡರ್. ಕೆಂಡ ಎಲ್ಲಿ ಇಡುದು?” ಅಮ್ಮ ಒಳಗಿನಿಂದ ಕೇಳಿದಳು. ಅಮ್ಮ ಕತೆ ಕೇಳುವುದಿಲ್ಲ ಎಂದು ತೋರಿಸಿಕೊಳ್ಳುತ್ತಿದ್ದಳು, ಒಂದು ಶಬ್ದವನ್ನೂ ಬಿಡುತ್ತಿರಲಿಲ್ಲ.

ರೋಮಿನವರು ಬಂದು ಆಳಿದರು. ಸಾವಿರ ವರ್ಷ ‘ನಾವು ರೋಮನರು’ ಎಂದೇ ಹೇಳಿಕೊಂಡೆವು, ಹೇಳಿಕೊಂಡದ್ದು ಮಾತ್ರ ಗ್ರೀಕ್ ಭಾಷೆಯಲ್ಲಿ ಎಂದು ಆಂಟಿ ನಗುತ್ತಿದ್ದರು. ಆಮೇಲೆ ತುರ್ಕರು ನಾನೂರು ವರ್ಷ. ರಾಜ ಇಲ್ಲ, ಸೈನ್ಯ ಇಲ್ಲ. ಇದ್ದದ್ದು ಇಗರ್ಜಿ, ಮಾತು, ಅಡುಗೆ. ಆಂಟಿಯ ಅಜ್ಜಿ ಇದ್ದದ್ದು ತುರ್ಕರ ನೆಲದ ಸ್ಮಿರ್ನಾ ಎಂಬ ಬಂದರು ಪಟ್ಟಣದಲ್ಲಿ. ತುರ್ಕರೊಂದಿಗಿನ ಯುದ್ಧದ ಕೊನೆಗೆ ಆ ಪಟ್ಟಣಕ್ಕೆ ಬೆಂಕಿ ಬಿದ್ದಾಗ ಅಜ್ಜಿ ದೋಣಿ ಹತ್ತಿದ್ದು ಹುಳಿ ಬಂದ ಹಿಟ್ಟಿನ ಒಂದು ಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ಅದೇ ಹಿಟ್ಟನ್ನು ಬೆಳೆಸಿ ಬೇಕರಿ ಹಾಕಿದರು. ಆಂಟಿ ಹುಟ್ಟಿದ್ದು ಆ ಬೇಕರಿಯ ಮೇಲಿನ ಕೋಣೆಯಲ್ಲಿ. ಅವರಿಗೆ ಇಪ್ಪತ್ತಾಗುವ ಹೊತ್ತಿಗೆ ಅಲ್ಲಿಯೂ ಗಾಳಿ ಬದಲಾಯಿತು. ಗ್ರೀಕರು ಗಂಟುಮೂಟೆ ಕಟ್ಟಿ ಅಥೆನ್ಸಿಗೆ ಹೋದರು, ಅಂದರೆ ತಮ್ಮ ‘ನಿಜವಾದ’ ಊರಿಗೆ.

“ಸ್ಮಿರ್ನಾದಲ್ಲಿ ನಾವು ಗ್ರೀಕರು. ಅಲೆಕ್ಸಾಂಡ್ರಿಯಾದಲ್ಲೂ ಗ್ರೀಕರು. ಅಥೆನ್ಸಿಗೆ ಬಂದು ಸಾಮಾನು ಇಳಿಸುತ್ತಿದ್ದೇವೆ, ಕೆಳಗಿನ ಮನೆಯವಳು ಕೂಗಿ ಹೇಳುತ್ತಾಳೆ, ‘ಈಜಿಪ್ಟಿನವರು ಬಂದಿದ್ದಾರೆ!’”

ಉಡುಪಿಯ ಕಡೆಯ ನಮ್ಮ ಕುಟುಂಬದ ಮನೆಗೆ ರಜೆಯಲ್ಲಿ ಹೋದರೆ ದೊಡ್ಡಪ್ಪನ ಮಕ್ಕಳು ‘ದುಬೈ ಬಂತು’ ಎನ್ನುತ್ತಿದ್ದರು. ದುಬೈಯಲ್ಲಿ ನಾನು ‘ಇಂಡಿಯನ್’. ಈ ಸಂಗತಿ ನನ್ನೊಬ್ಬಳಿಗೇ ಆದ ರೋಗ ಎಂದುಕೊಂಡಿದ್ದೆ.

“ನೀವು ಅವಳಿಗೆ ಎಂಥ ಹೇಳಿದ್ರಿ ಆಂಟಿ?”

“ಏನೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಈಜಿಪ್ಟಿನ ಅವರೆಬೇಳೆ ಬೇಯಿಸಿದೆವು. ಕಿಟಕಿ ತೆರೆದಿಟ್ಟು.”

ಆ ವರ್ಷವೇ ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಗ್ರೀಕರ ಪಾಠ ಬಂತು. ಒಟ್ಟು ನಾಲ್ಕು ಪುಟ. ಕೊನೆಯ ಸಾಲಿನಲ್ಲಿ ರೋಮನರು ಗೆದ್ದರು, ಗ್ರೀಕರು ಮುಗಿದರು. ಆಂಟಿ ಆ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ‘ಮುಗಿದೆವಾ? ಹಾಗಾದರೆ ನಿಮ್ಮ ಬಾತ್‌ರೂಮಿನಲ್ಲಿ ಇಷ್ಟು ಹೊತ್ತು ಇರುವವಳು ಯಾರು?’ ಎಂದರು. ಪರೀಕ್ಷೆಯಲ್ಲಿ ‘ಗ್ರೀಕರ ಅಂತ್ಯ ಹೇಗಾಯಿತು?’ ಎಂಬ ಪ್ರಶ್ನೆ ಬಂದೇ ಬಂತು. ನಾನು ಬರೆದೆ: ಅಂತ್ಯ ಆಗಲಿಲ್ಲ. ಒಬ್ಬರು ನಮ್ಮ ಮನೆಯಲ್ಲಿ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಇದ್ದಾರೆ. ಟೀಚರು ಸೊನ್ನೆ ಹಾಕಿ ಅಪ್ಪನ ಸಹಿ ಕೇಳಿದರು. ಅಪ್ಪನಿಗಿಂತ ಮೊದಲು ಆಂಟಿ ತಮ್ಮ ಭಾಷೆಯಲ್ಲಿ ದೊಡ್ಡದಾಗಿ ಸಹಿ ಹಾಕಿದರು. ಅದಕ್ಕಾಗಿ ನಾನು ಒಂದು ಪೀರಿಯಡ್ ಹೊರಗೆ ನಿಂತೆ, ತಲೆ ಎತ್ತಿಯೇ ನಿಂತೆ.

ಅಜ್ಜಿ ಬಂದದ್ದು ಅದಾದ ಮೇಲೆ. ಅಪ್ಪನ ತಾಯಿ, ಮೂರು ತಿಂಗಳ ವಿಸಿಟ್ ವೀಸಾದಲ್ಲಿ. ಅಕ್ಷರ ಬಾರದ ಅಜ್ಜಿ ಮೊದಲ ವಾರ ಲಿಫ್ಟ್ ಕಂಡರೆ ಹೆದರಿದವಳು, ಎರಡನೇ ವಾರ ‘ಕೆಳಗಿನಿಂದ ನಾಲ್ಕನೇ ಗುಂಡಿ’ ಎಂದು ಕಲಿತು ಒಬ್ಬಳೇ ಮೀನು ಮಾರ್ಕೆಟಿಗೆ ನಡೆದುಹೋಗಿ ಬಂಗುಡೆ ತಂದಳು. ದಾರಿಗೆ ಅವಳದ್ದೇ ಗುರುತು: ಮಾರ್ಕೆಟಿನ ಬಾಗಿಲು, ಹಸಿರು ಬೋರ್ಡಿನ ಟೈಲರ್ ಅಂಗಡಿ, ಅಲ್ಲಿಂದ ಎಡಕ್ಕೆ, ಬೆಕ್ಕುಗಳು ಮಲಗುವ ಮೆಟ್ಟಿಲು. ಬೆಳಿಗ್ಗೆ ದೋಸೆ ಬಿಟ್ಟು ಖುಬ್ಬೂಸ್ ಎಂಬ ಅರಬ್ಬಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವ ಚಟ ಹಿಡಿಯಿತು. ಅಮ್ಮ ಮೂತಿ ತಿರುಗಿಸಿದರೂ ಬಿಡಲಿಲ್ಲ. ಆಂಟಿಗೂ ಅವಳಿಗೂ ಸಾಮಾನ್ಯವಾದ ಒಂದು ಶಬ್ದವೂ ಇರಲಿಲ್ಲ. ಇಬ್ಬರೂ ನೆಲದ ಮೇಲೆ ಪೇಪರು ಹಾಸಿ ಕೂತು ಮೀನು ಹೆಚ್ಚುತ್ತಾ, ಒಬ್ಬಳು ತುಳುವಿನಲ್ಲಿ, ಇನ್ನೊಬ್ಬರು ಗ್ರೀಕಿನಲ್ಲಿ, ಗಂಟೆಗಟ್ಟಲೆ ಸೊಸೆಯಂದಿರನ್ನು ಬೈಯುತ್ತಿದ್ದರೆಂದು ನನ್ನ ಊಹೆ. ಆಂಟಿಗೆ ಸೊಸೆ ಇರಲಿಲ್ಲ, ಆದರೂ ಬೈಯುತ್ತಿದ್ದರು. ಹೊರಡುವ ದಿನ ಅಜ್ಜಿ ಬಾಗಿಲಲ್ಲಿ ನಿಂತು ಇಡೀ ಫ್ಲಾಟನ್ನು ಒಮ್ಮೆ ನೋಡಿದಳು.

“ನೆಲಕ್ಕೆ ಸಗಣಿ ಸಾರಿಸ್ಲಿಕ್ಕೆ ಆಗುದಿಲ್ಲ ಅನ್ನುದು ಬಿಟ್ರೆ, ಬಾಕಿ ಎಲ್ಲ ಸರಿ ಉಂಟು ನಿನ್ನ ಮನೆ.”

ಅಪ್ಪ ಆ ಮಾತನ್ನು ಎಷ್ಟು ದಿನ ಎಷ್ಟು ಜನರಿಗೆ ಹೇಳಿದರೋ. ‘ನಿನ್ನ ಮನೆ’ ಎಂದಳು, ಕೇಳಿದಿರಾ?

ಮರುವರ್ಷ ಅಜ್ಜಿ ತೀರಿಹೋದಳು. ವೀಸಾ ನವೀಕರಣಕ್ಕೆಂದು ನಮ್ಮ ಮೂವರ ಪಾಸ್‌ಪೋರ್ಟುಗಳೂ ಆಫೀಸಿನವರ ಕೈಯಲ್ಲಿದ್ದವು. ಅಪ್ಪ ಎರಡು ದಿನ ಆ ಆಫೀಸಿನ ಬೆಂಚಿನ ಮೇಲೆ ಕೂತರು. ಅಲ್ಲಿಯವರು ದಿನಾ ‘ಬುಕ್ರಾ’ ಎಂದರು, ಅಂದರೆ ನಾಳೆ. ಪಾಸ್‌ಪೋರ್ಟು ಕೈಗೆ ಬರುವಾಗ ಊರಿನಲ್ಲಿ ಉತ್ತರಕ್ರಿಯೆಯ ಬೊಜ್ಜವೇ ಮುಗಿದಿತ್ತು. ದೊಡ್ಡಪ್ಪ ಎಲ್ಲ ಕ್ರಿಯೆ ಮಾಡಿ, ಊರಿಗೆ ಊಟ ಹಾಕಿ, ಕೈ ತೊಳೆದಾಗಿತ್ತು. ಅಪ್ಪ ಅಳಲಿಲ್ಲ. ಹೋಟೆಲಿಗೆ ಹೋದರು, ಬಂದರು, ಬಡಿಸಿದ್ದನ್ನು ಉಂಡರು. ನಮ್ಮ ಕಡೆ ತೀರಿಹೋದವರ ಜೀವಕ್ಕೆ ಕುಲೆ ಎನ್ನುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಒಂದು ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಕೂಗಿ ಕರೆದು, ಬಾಗಿಲು ಮುಚ್ಚಿ ಮನೆಯವರು ಹೊರಗೆ ಕೂರುತ್ತಾರೆ. ಅವರು ಉಂಡ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ಉಳಿದದ್ದನ್ನು ತಾವು ಉಣ್ಣುತ್ತಾರೆ. ಅದೊಂದನ್ನಾದರೂ ಇಲ್ಲಿ ಮಾಡಲೇ ಎಂದು ಅಪ್ಪ ಫೋನಿನಲ್ಲಿ ಕೇಳಿದರು. ದೊಡ್ಡಪ್ಪನ ಗಂಟಲು ರಿಸೀವರಿನಿಂದ ಹೊರಗೆ ನನಗೂ ಕೇಳುತ್ತಿತ್ತು.

“ಬಾಡಿಗೆ ಮನೆಯಲ್ಲಿ ಅದೆಲ್ಲ ಮಾಡ್ಲಿಕ್ಕಿಲ್ಲ ಮಾರಾಯ. ಕುಲೆ ಅಂದ್ರೆ ಕುಟುಂಬದ ಮನೆಗೆ ಬರುದು. ಸಮುದ್ರ ದಾಟಿ ದುಬೈಗೆ ಬರ್ತದಾ? ನಿಂಗೆ ಅಲ್ಲಿ ಮನೆ ಅಂತ ಎಂಥ ಉಂಟು?”

“ಆಯ್ತು ಅಣ್ಣ,” ಎಂದರು ಅಪ್ಪ. ಅಪ್ಪ ಅಣ್ಣನಿಗೆ ಬೇರೆ ಉತ್ತರ ಕೊಟ್ಟದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮನೆಯಲ್ಲಿ ಅಜ್ಜಿಯ ವರ್ಷಾಂತಿಕದವರೆಗೆ ಹಬ್ಬ ಇಲ್ಲ ಎಂದಾಯಿತು. ಹಬ್ಬ ಎಂದರೆ ನನ್ನ ಹತ್ತನೇ ಹುಟ್ಟುಹಬ್ಬವೂ ಸೇರಿ. ಕ್ಲಾಸಿನ ಎಲ್ಲರೂ ಕೇಕ್ ಕತ್ತರಿಸುತ್ತಾರೆ, ನನಗೆ ಮಾತ್ರ ಇಲ್ಲ ಎಂದು ನಾನು ಹಟ ಹಿಡಿದೆ, ಕಾಲು ಬಡಿದೆ, ಊಟ ಬಿಟ್ಟೆ. ಅಜ್ಜಿಯ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಹತ್ತು ವರ್ಷದ ಹೊಟ್ಟೆಯಲ್ಲಿ ಎರಡಕ್ಕೂ ಜಾಗ ಇತ್ತು. ಹುಟ್ಟಿದ ದಿನ ಬಂತು, ಹೋಯಿತು. ಮೂರನೇ ದಿನ ಶುಕ್ರವಾರ. ಬೆಳಿಗ್ಗೆ ಎದ್ದು ಹಾಲಿಗೆ ಬಂದರೆ ಮೇಜಿನ ನಡುವೆ ಕೇಕು! ಅಂಚಿನವರೆಗೆ ನುಣ್ಣಗೆ ಬಿಳಿ ಸಕ್ಕರೆ, ಸುತ್ತ ಬಾದಾಮಿ, ಮಧ್ಯೆ ಬೆಳ್ಳಿ ಬಣ್ಣದ ಸಕ್ಕರೆ ಗುಂಡುಗಳು, ನಟ್ಟನಡುವೆ ಉರಿಯುವ ಒಂದು ಮೇಣದಬತ್ತಿ. ಯಾರೂ ಇಲ್ಲ. ನನಗೆ ಎಲ್ಲ ತಿಳಿದುಹೋಯಿತು: ಅಪ್ಪ ಅಮ್ಮ ಬೇಡವೆಂದರೂ ಎಲೆನಿ ಆಂಟಿ ನನಗಾಗಿ ಕದ್ದು ಮಾಡಿದ್ದಾರೆ. ಹ್ಯಾಪಿ ಬರ್ತ್‌ಡೇ ಹಾಡಿಕೊಂಡೆ, ನನಗೆ ನಾನೇ, ಸಣ್ಣ ದನಿಯಲ್ಲಿ. ಉಫ್ ಎಂದು ಊದಿದೆ. ಚಮಚ ಹಾಕಿ ಒಂದು ಮೂಲೆ ಕಿತ್ತು ಬಾಯಿಗಿಟ್ಟೆ. ಕೇಕಲ್ಲ, ಬೇಯಿಸಿದ ಗೋಧಿ! ದಾಳಿಂಬೆ, ದಾಲ್ಚಿನ್ನಿ, ಜೊತೆಗೆ ಎಂಥದ್ದೋ ಸೊಪ್ಪು. ಇದ್ಯಾವ ಕೇಕು ಎಂದು ಯೋಚಿಸುತ್ತಿರುವಾಗಲೇ ಒಂದು ಕಡೆಯಿಂದ ತಲೆಗೆ ಕಪ್ಪು ವಸ್ತ್ರ ಕಟ್ಟಿ, ಪ್ರಾರ್ಥನೆಯ ಪುಸ್ತಕ ಹಿಡಿದ ಆಂಟಿ ಬಂದರು, ಇನ್ನೊಂದು ಕಡೆಯಿಂದ ಅಮ್ಮ ಬಂದಳು.

ಅದು ಗ್ರೀಕರು ತೀರಿಕೊಂಡವರಿಗಾಗಿ ನಲವತ್ತನೇ ದಿನ ಮಾಡುವ ಗೋಧಿ. ಮಣ್ಣಿಗೆ ಬಿದ್ದ ಕಾಳು ಮತ್ತೆ ಮೊಳೆಯುತ್ತದೆ ಎಂಬ ನಂಬಿಕೆಯಿಂದ ಮಾಡುವುದು. ಅದರ ನಡುವೆ ಬತ್ತಿ ಹಚ್ಚಿ, ಹೆಸರು ಹೇಳಿ ಪ್ರಾರ್ಥಿಸಿ, ಆಮೇಲೆ ಹಂಚಿ ತಿನ್ನುವುದು. ನಾನು ಅಜ್ಜಿಯ ದೀಪವನ್ನು ಹುಟ್ಟುಹಬ್ಬದ ಹಾಡು ಹೇಳಿ ಊದಿಬಿಟ್ಟಿದ್ದೆ. ಅಮ್ಮನ ಕೈ ನನ್ನ ಬೆನ್ನಿಗೆ ಬಿದ್ದದ್ದು ಸರಿ. ನಾಲಿಗೆ ಬಿದ್ದದ್ದು ಆಂಟಿಯ ಮೇಲೆ.

“ಸಾವಿನ ತಿಂಡಿ ಮಾಡಿ ಮಕ್ಕಳ ಕೈಗೆ ಸಿಗುವ ಹಾಗೆ ಇಡ್ತೀರಲ್ಲ! ನಮ್ಮಲ್ಲಿ ಅದಕ್ಕೆಲ್ಲ ಒಂದು ಕ್ರಮ ಉಂಟು. ಇದು ನಿಮ್ಮ ಮನೆ ಅಲ್ಲ.”

“ನಿಮ್ಮದೂ ಅಲ್ಲ!” ಆಂಟಿ ಪುಸ್ತಕವನ್ನು ಮೇಜಿಗೆ ಕುಕ್ಕಿದರು. “ಕೆಳಗೆ ವಾಚ್‌ಮನ್ ಇದ್ದಾನೆ, ಕೇಳಿ ನೋಡಿ. ಇಲ್ಲಿ ಯಾರದ್ದೂ ಅಲ್ಲ.”

ಗಡ್ಡ ಹೆರೆಯುತ್ತಿದ್ದ ಅಪ್ಪ ಅರ್ಧ ಮುಖದ ನೊರೆಯೊಂದಿಗೆ ಬಾತ್‌ರೂಮಿನ ಬಾಗಿಲಲ್ಲಿ ನಿಂತಿದ್ದರು.

“ಯಾರಿಗೆ ಮಾಡಿದ್ದು ಇದು?”

“ನಿಮ್ಮ ತಾಯಿಗೆ. ಇವತ್ತಿಗೆ ನಲವತ್ತು ದಿನ. ಈ ಮನೆಯಲ್ಲಿ ಅವಳಿಗೆ ಯಾರೂ ಒಂದು ತುತ್ತು ಕೊಡಲಿಲ್ಲ.”

“ನಮ್ಮಲ್ಲಿ... ಕುಟುಂಬದ ಮನೆಗೆ ಮಾತ್ರ ಬರುದಂತೆ. ಬಾಡಿಗೆ ಮನೆಗೆ ಬರುದಿಲ್ಲಂತೆ,” ಎಂದರು ಅಪ್ಪ. ಶಾಲೆಯ ಹುಡುಗ ಒಪ್ಪಿಸಿದ ಹಾಗೆ ಒಪ್ಪಿಸಿದರು.

“ಯಾರು ಹೇಳಿದ್ದು? ಮನೆ ಬಿಟ್ಟು ಒಂದು ದಿನವೂ ಹೊರಗೆ ಹೋಗದವರು ಹೇಳಿರುತ್ತಾರೆ! ನನ್ನ ಅಜ್ಜಿಯ ತಾಯಿಯನ್ನು ಹೂತದ್ದು ಸ್ಮಿರ್ನಾದಲ್ಲಿ, ಅದರ ಮೇಲೆ ಈಗ ಏನು ಕಟ್ಟಿದ್ದಾರೋ ದೇವರಿಗೇ ಗೊತ್ತು. ಅಜ್ಜಿ ಅಲೆಕ್ಸಾಂಡ್ರಿಯಾದಲ್ಲಿ. ತಾಯಿ ಅಥೆನ್ಸಿನಲ್ಲಿ. ಗಂಡ ಹಡಗಿನವನು, ಅವನು ಸಮುದ್ರದಲ್ಲಿ. ಸತ್ತವರು ಒಂದೇ ಕಡೆ ಉಣ್ಣುವುದಾದರೆ ನನ್ನವರೆಲ್ಲ ಇಷ್ಟು ಹೊತ್ತಿಗೆ ಉಪವಾಸ. ಮೂರು ಸಾವಿರ ವರ್ಷದಿಂದ ನಾವು ಹೋದ ಹೋದ ಕಡೆ ಬಡಿಸಿದ್ದೇವೆ. ಬರುತ್ತಾರೆ. ಕರೆಯಬೇಕು, ಅಷ್ಟೇ. ನೀವು ಕರೆದಿರಾ?”

ಅಪ್ಪ ನೊರೆಯ ಮುಖದಲ್ಲೇ ಕುರ್ಚಿಯ ಮೇಲೆ ಕೂತು ಅತ್ತರು. ಗಂಡಸರು ಅಷ್ಟು ದೊಡ್ಡದಾಗಿ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಹೆದರಿ ಅಮ್ಮನ ಸೆರಗು ಹಿಡಿದೆ, ಹೊಡೆದವಳದ್ದೇ ಸೆರಗು. ಆಮೇಲೆ ಅಪ್ಪ ಎದ್ದು, ಮುಖ ಒರೆಸಿ, ಊರಿಗೆ ಫೋನ್ ಹಚ್ಚಿದರು.

“ಅಣ್ಣ, ನಾನು ಇವತ್ತು ಅಮ್ಮನಿಗೆ ಇಲ್ಲಿ ಬಡಿಸ್ತೇನೆ... ಕೇಳುದಲ್ಲ, ಹೇಳುದು... ಬರ್ತಾಳೆ. ಜೀವ ಇರುವಾಗ ವೀಸಾ ಹಾಕಿಸಿ ಬಂದವಳು, ಈಗ ಅದೂ ಬೇಡ... ನನ್ನ ಮನೆಗೆ, ಅಣ್ಣ. ನನ್ನ ಮನೆಗೆ.”

ಅಣ್ಣನಿಗಿಂತ ಮೊದಲು ರಿಸೀವರು ಇಟ್ಟರು. ಈಗ ಎಲ್ಲರೂ ನೋಡಿದ್ದು ಅಮ್ಮನ ಮುಖ. ಬೇಯಿಸಬೇಕಾದವಳು ಅವಳು, ಅವಳು ಒಲ್ಲೆನೆಂದರೆ ಫೋನಿನ ಶೌರ್ಯ ಫೋನಿನಲ್ಲೇ ಉಳಿಯುತ್ತಿತ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಂಟಿಯ ಮುಖ ನೋಡ ಹೋಗಲಿಲ್ಲ, ಗೋಡೆಗೆ ಹೇಳಿದಳು.

“ಬಂಗುಡೆ ಫ್ರಿಜ್ಜಲ್ಲಿ ಉಂಟು. ಬಾಳೆಎಲೆ ಮಲಬಾರಿಯ ಅಂಗಡಿಯಲ್ಲಿ ಸಿಗ್ತದೆ. ಖುಬ್ಬೂಸ್ ತರ್ಲಿಕ್ಕೆ ಯಾರು ಹೋಗ್ತೀರಿ?”

ಖುಬ್ಬೂಸ್ ಎಂದಾಗಲೇ ನಮಗೆ ಗೊತ್ತಾಯಿತು, ಅಮ್ಮ ನಮ್ಮ ಕಡೆಗೆ ಬಂದಿದ್ದಾಳೆ. ಆ ಮಧ್ಯಾಹ್ನ ಆಂಟಿಯ ಕೋಣೆಯಲ್ಲಿ, ಅವರೇ ಮಂಚ ಸರಿಸಿಕೊಟ್ಟ ಜಾಗದಲ್ಲಿ, ಎಲೆ ಬಿತ್ತು. ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಕೋಳಿ, ಒಣಸಿಗಡಿ ಚಟ್ನಿ. ಎಲೆಯ ಪಕ್ಕ ಚಹಾದ ಲೋಟ, ಅದರ ಮೇಲೆ ಖುಬ್ಬೂಸು. ಇನ್ನೊಂದು ಪಕ್ಕ ನಾನು ಮೂಲೆ ಕಿತ್ತ ಗೋಧಿ, ಅದರಲ್ಲಿ ಮತ್ತೆ ಹಚ್ಚಿದ ಬತ್ತಿ. ಅಪ್ಪ ಎಲೆಯ ಮುಂದೆ ನಿಂತು ಕೈ ಮುಗಿದರು.

“ಅಮ್ಮಾ, ವನಸ್‌ಗ್ ಬಲೆ,” ಎಂದರು. ಊಟಕ್ಕೆ ಬನ್ನಿ ಎಂದು ನಮ್ಮ ತುಳುವಿನಲ್ಲಿ. ಅಷ್ಟಕ್ಕೇ ಸಾಕಿತ್ತು, ಆದರೆ ಅಪ್ಪ ನಿಲ್ಲಿಸಲಿಲ್ಲ.

“ಮೀನು ಮಾರ್ಕೆಟಿನಿಂದ ದಾರಿ ಗೊತ್ತುಂಟಲ್ಲ ನಿಂಗೆ. ಹಸಿರು ಬೋರ್ಡಿನ ಟೈಲರ್ ಅಂಗಡಿ, ಅಲ್ಲಿಂದ ಎಡಕ್ಕೆ. ಬೆಕ್ಕುಗಳ ಮೆಟ್ಟಿಲು. ಲಿಫ್ಟ್ ಇವತ್ತು ಸರಿ ಉಂಟು. ಕೆಳಗಿನಿಂದ ನಾಲ್ಕನೇ ಗುಂಡಿ ಒತ್ತು.”

ಬಾಗಿಲು ಮುಚ್ಚಿ ನಾಲ್ವರೂ ಹಾಲಿನಲ್ಲಿ ಕೂತೆವು. ಒಳಗೆ ಏಸಿ ಗೊರಗುಟ್ಟುತ್ತಿತ್ತು. ಹೊರಗೆ ಲಿಫ್ಟ್ ಬಂದು ನಿಂತ ಶಬ್ದವಾಯಿತು; ಯಾರೋ ಪಕ್ಕದ ಫ್ಲಾಟಿಗೆ ಬಂದಿರಬೇಕು. ಯಾರೂ ಹಾಗೆಂದು ಹೇಳಲಿಲ್ಲ. ಆಂಟಿ ಅಮ್ಮನ ಕೈ ಹಿಡಿದುಕೊಂಡಿದ್ದರು, ಅಮ್ಮ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಬಾಗಿಲು ತಟ್ಟಿ ತೆರೆದರು. ಖುಬ್ಬೂಸು ಲೋಟದೊಳಗೆ ಜಾರಿ, ಚಹಾ ಕುಡಿದು ಊದಿಕೊಂಡಿತ್ತು. ‘ಮುಟ್ಟಿದ್ದಾಳೆ’ ಎಂದಳು ಅಮ್ಮ. ನಾವು ಉಂಡೆವು. ಕೊನೆಗೆ ಆಂಟಿ ಗೋಧಿಯನ್ನು ಬಟ್ಟಲಿಗೆ ಹಾಕಿ ಮೊದಲು ನನ್ನ ಕೈಗೆ ಕೊಟ್ಟರು. ‘ಹತ್ತು ತುಂಬಿತಲ್ಲ, ತಿನ್ನು. ನಿನ್ನ ಅಜ್ಜಿಗೆ ಬೇಜಾರಿಲ್ಲ’ ಎಂದರು. ನನ್ನ ಹನ್ನೊಂದನೇ ವರ್ಷ ಶುರುವಾದದ್ದು ಹಾಗೆ.

ಆಂಟಿಯ ಕೆಲಸ ಮುಗಿದು ವೀಸಾ ಮುಗಿದಾಗ ಅವರು ಅಥೆನ್ಸಿಗೆ ಹೋದರು. ಹೋಗುವಾಗ ಅಮ್ಮನೇ ತುಳಸಿಯ ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು. ‘ಇನ್ನು ಕೆಳಗಿನ ಮನೆಯವಳು ಇಂಡಿಯದವಳು ಬಂದಳು ಅನ್ನುತ್ತಾಳೆ ನೋಡಿ’ ಎಂದು ನಗುತ್ತಾ ಟ್ಯಾಕ್ಸಿ ಹತ್ತಿದರು. ಅಲ್ಲಿಂದ ತಮ್ಮ ಬಾಲ್ಕನಿಯಲ್ಲಿ ಗಿಡ ಬಂದ ಫೋಟೋ ಕಳಿಸಿದರು. ಕೆಲವು ವರ್ಷಗಳ ಮೇಲೆ ಅವರ ತಂಗಿಯ ಮಗಳಿಂದ ಕಾಗದ ಬಂತು, ಸಾವಿನ ಸುದ್ದಿಯ ಕಪ್ಪು ಅಂಚಿನದ್ದು. ಅದಾದ ಮೇಲೆ ಕರಾಮದ ಆ ಕಟ್ಟಡವನ್ನೂ ಕೆಡವಿದರು. ಈಗ ನಾನಿರುವುದು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಒಂದು ವಿಲ್ಲಾದ ಕೆಳಗಿನ ಭಾಗದಲ್ಲಿ. ಇದೂ ಬಾಡಿಗೆಯದ್ದೇ. ಕೊನೆಯ ವರ್ಷಗಳಲ್ಲಿ ಅಪ್ಪ ಅಮ್ಮ ನನ್ನ ಜೊತೆ ಇಲ್ಲೇ ಇದ್ದರು. ಅಪ್ಪ ಹೋದ ವರ್ಷ ತೀರಿಕೊಂಡರು. ಬೂದಿಯನ್ನು ಊರಿಗೆ ಒಯ್ದು ನಾನೇ ಸಮುದ್ರಕ್ಕೆ ಬಿಟ್ಟೆ. ಬಡಿಸುವುದು ಮಾತ್ರ ಇಲ್ಲಿ ಎಂದಾಗ ದೊಡ್ಡಪ್ಪನ ಮಗ ಫೋನ್ ಮಾಡಿದ.

“ಅಕ್ಕ, ಬಾಡಿಗೆ ಮನೆಯಲ್ಲಿ ಅದೆಲ್ಲ...”

“ನಿನ್ನ ಅಪ್ಪ ಹೇಳಿ ಆಗಿದೆ ಅದನ್ನು,” ಎಂದೆ. “ಉತ್ತರ ನನ್ನ ಅಪ್ಪ ಕೊಟ್ಟಾಗಿದೆ.”

ಮೊನ್ನೆ ಶುಕ್ರವಾರ ಮೂರು ಎಲೆ ಹಾಕಿದೆ. ಅಮ್ಮ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಟ್ಟಳು. ಚಹಾಕ್ಕೆ ಸಕ್ಕರೆ ಸಾಲದು, ಗೋಧಿಗೆ ದಾಳಿಂಬೆ ಸಾಲದು, ಎಲೆನಿ ಇದ್ದಿದ್ದರೆ ಬೈಯುತ್ತಿದ್ದರು. ಆಂಟಿಯ ಎಲೆಗೆ ಬಾಗಿಲ ಬಳಿಯ ತುಳಸಿ ಕುಡಿಯೊಂದನ್ನು ಅವಳೇ ಚಿವುಟಿ ಇಟ್ಟಳು. ನನ್ನ ಹನ್ನೊಂದು ವರ್ಷದ ಮಗಳು ಉರಿಯುವ ಬತ್ತಿಯನ್ನೇ ನೋಡುತ್ತಿದ್ದಳು. ‘ಊದ್ಬೇಡ, ಅನುಭವ ಉಂಟು ನಂಗೆ’ ಎಂದೆ. ಎಲೆಗಳ ಮುಂದೆ ನಿಂತೆ.

“ಅಪ್ಪಾ, ವನಸ್‌ಗ್ ಬಲೆ. ಅಜ್ಜಿ ಕರಾಮಕ್ಕೆ ಹೋಗಿ ನಿಂತಿರ್ತಾಳೆ, ಆ ಬಿಲ್ಡಿಂಗ್ ಈಗ ಇಲ್ಲ, ಅವಳಿಗೆ ಗೊತ್ತಿಲ್ಲ. ಅವಳನ್ನು ಕರ್ಕೊಂಡು ಬನ್ನಿ. ಎಲೆನಿ ಆಂಟಿಗೂ ಇಲ್ಲಿಯ ದಾರಿ ಹೊಸತು. ಮೂವರೂ ಒಟ್ಟಿಗೆ ಬನ್ನಿ. ಮನೆ ನಿಮ್ಮದೇ.”

ಬಾಗಿಲು ಮುಚ್ಚಿ ಹೊರಗೆ ಬಂದು ಕೂತೆವು. ಎರಡು ನಿಮಿಷವೂ ಆಗಿರಲಿಲ್ಲ, ಮಗಳು ದಡಕ್ಕನೆ ಎದ್ದು ನಿಂತಳು. ನಾನು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಅಂದು ಗಾಬರಿಯಲ್ಲಿ ಅದನ್ನೂ ಮರೆತಳು.

“ಮಮ್ಮಾ! ಗೇಟಿನ ಕೋಡ್ ಚೇಂಜ್ ಆಗಿದೆಯಲ್ವಾ? ಅಜ್ಜಂಗೆ ಹಳೇದು ಮಾತ್ರ ಗೊತ್ತು!”

ಹೌದು, ಕಳೆದ ತಿಂಗಳು ಮನೆಯ ಮಾಲೀಕರು ಬದಲಾಯಿಸಿದ್ದರು. ನಾನು ಎದ್ದು, ಮುಚ್ಚಿದ ಬಾಗಿಲಿಗೆ ಬಾಯಿಟ್ಟು, ಆ ನಾಲ್ಕು ಅಂಕೆಗಳನ್ನು ಒಂದೊಂದಾಗಿ, ಪಕ್ಕದ ವಿಲ್ಲಾದವರಿಗೂ ಕೇಳುವಷ್ಟು ಗಟ್ಟಿಯಾಗಿ, ಎರಡು ಸಲ ಕೂಗಿ ಹೇಳಿದೆ.